ಎಡದ ಬಲ, ಬಲದ ಬಲ

ನಮ್ಮನೆಯವರಿಗೆ ಎಡ ಯಾವುದು, ಬಲ ಯಾವುದು ಅಂತ ಗೊತ್ತಾಗುವುದಿಲ್ಲ. ಇದೇನು ಮಹಾ ದೋಷವಲ್ಲ. ಲೋಕದಲ್ಲಿ ಎಷ್ಟೋ ಜನ ಹಾಗೆಯೇ ಇದ್ದು, ಮದುವೆಯಾಗಿ, ಸುಖವಾಗಿ ಬಾಳಿದ್ದಾರೆ. ಆದರೆ ಅವರ್ಯಾರೂ ಶೂ ಅಂಗಡಿಯಲ್ಲಿ ಕೆಲಸಕ್ಕಿರುವುದಿಲ್ಲ. ಇವರಿದ್ದಾರೆ. ಎರಡೂ ಎಡಗಾಲಿನದೇ ತುಂಬಿದ ಡಬ್ಬಿ ಹಿಡಿದುಕೊಂಡು ಸಿಟ್ಟಿನಿಂದ ವಾಪಸ್ಸು ಬರುವ ಗಿರಾಕಿಯನ್ನು ಇವರು ಬಾಗಿಲಲ್ಲೇ ಎದುರುಗೊಂಡು, "ನೀವು ಬಂದದ್ದು ಒಳ್ಳೇದಾಯ್ತು, ಎರಡೂ ಬಲಗಾಲಿನದು ತಗೊಂಡು ಹೋದವರೂ ಈಗ ಬಂದೇ ಬರ್ತಾರೆ" ಅಂತ ಕೂರಿಸಿ, ಕುಡಿಯಲು ನೀರು ಕೊಡುತ್ತಾರೆ. ಮಾಲೀಕರು ಇವರನ್ನು ಇನ್ನೂ ಇಟ್ಟುಕೊಂಡಿರುವುದು ಆ ನೀರು ಕೊಡುವ ರೀತಿಗೇ ಅಂತ ನನ್ನ ಅನುಮಾನ.

ಇಂಥವರಿಗೆ ಒಂದೇ ಒಂದು ಜಂಭವಿತ್ತು. ಅದು ಹಲ್ಲಿನದು. "ನಮ್ಮ ವಂಶದಲ್ಲಿ ಹಲ್ಲಿನ ಡಾಕ್ಟರ ಮುಖ ನೋಡಿದವರೇ ಇಲ್ಲ" ಅಂತ ದಿನಕ್ಕೊಮ್ಮೆ ಹೇಳದಿದ್ದರೆ ಇವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಹೇಳುವುದು ಯಾರೆದುರಿಗೆ? ನಮ್ಮ ಜೊತೆಗೇ ಇರುವ ನಮ್ಮಮ್ಮನ ಎದುರಿಗೆ. ಅಮ್ಮನಿಗೆ ಮೇಲೂ ಕೆಳಗೂ ಹಲ್ಲಿನ ಸೆಟ್ಟು. ಅದನ್ನು ತೊಳೆದು ಲೋಟದ ನೀರಿನಲ್ಲಿ ಹಾಕಿಟ್ಟಿದ್ದರೆ ಇವರು ಇಣುಕಿ ನೋಡಿ, "ಅತ್ತೆ, ನಿಮ್ಮ ನಗು ಇಲ್ಲಿ ಈಜಾಡ್ತಾ ಇದೆ" ಅನ್ನುವರು. ಅಮ್ಮ, "ಆಗಲಿ ಅಳಿಯಂದಿರೇ" ಅಂದು ಸುಮ್ಮನಾಗುವಳು. ನಮ್ಮಮ್ಮ ಮಾತಿಗೆ ಮಾತು ಕೊಡುವವಳಲ್ಲ, ಬಹುವಚನ ಕೊಡುತ್ತಾಳೆ. ಅವಳಿಂದ ಬಹುವಚನ ಪಡೆದವರು ಜೋಪಾನವಾಗಿರಬೇಕು. ಇವರಿಗೆ ಮದುವೆಯಾದಂದಿನಿಂದ ಬಹುವಚನವೇ.

ಇನ್ನು ನಮ್ಮ ಮೆಟ್ಟಿಲಿನ ವಿಚಾರ. ನಮ್ಮ ಕಟ್ಟಡಕ್ಕೆ ಎರಡು ಭಾಗ, ನಡುವೆ ಗೋಡೆ, ಒಂದೊಂದು ಭಾಗಕ್ಕೂ ಒಂದೊಂದು ಮೆಟ್ಟಿಲು. ರಸ್ತೆಯಲ್ಲಿ ನಿಂತು ನೋಡಿದರೆ ಬಲಗಡೆಯ ಮೆಟ್ಟಿಲು ಮೇಲೆ ನಿವೃತ್ತ ಲೆಕ್ಕದ ಮೇಷ್ಟ್ರ ಮನೆಗೆ, ಎಡಗಡೆಯದು ಮೇಲೆ ನಮ್ಮ ಮನೆಗೆ. ಮೇಷ್ಟ್ರ ಮೆಟ್ಟಿಲು ಆನೆ ಹತ್ತಿದರೂ ಅಲುಗಾಡದು. ನಮ್ಮದು ಬೆಕ್ಕು ಇಳಿದರೂ ಒಂದು ಚೂರು ಉದುರಿಸುತ್ತಿತ್ತು. ಅಂಚುಗಳೆಲ್ಲ ಕಳಚಿ, ಒಳಗಿನ ಕಂಬಿ ಹೊರಗೆ ಇಣುಕುತ್ತಿತ್ತು. ಒಂದು ದಿನ ಅಮ್ಮ ಇಳಿಯುವಾಗ ಕಾಲ ಕೆಳಗಿನ ಅಂಚು ಕಿತ್ತು ಬಂದು, ಕೂತಲ್ಲೇ ಜಾರಿಕೊಂಡು ಹೋದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಕೆಳಗಿಳಿಯುವುದನ್ನೇ ಬಿಟ್ಟಳು.

ಗೇಟಿನ ಪಕ್ಕ ಮರದ ಕೆಳಗೆ ಒಂದು ಬೆಂಚಿದೆ. ಸಂಜೆಯಾದರೆ ಅಮ್ಮ ಅಲ್ಲಿ ಕೂತು, ಎದುರಿನ ಅಂಗಡಿಯ ಟೈಲರಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಡೀ ಬೀದಿಯ ಆಡಳಿತ ನಡೆಸುತ್ತಿದ್ದಳು. ಆಮೇಲೆ ಅದನ್ನೇ ಬಾಲ್ಕನಿಯಿಂದ ಕೂಗಿ ನಡೆಸಬೇಕಾಯಿತು. "ಗುಟ್ಟಿನ ಮಾತನ್ನ ಕೂಗಿ ಆಡೋಕಾಗುತ್ತೇನೇ?" ಅಂತ ಒಂದು ದಿನ ನನ್ನನ್ನು ಕೇಳಿದಳು. ಕೇಳಿ ಆಚೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಕಟ್ಟಡ ಕಟ್ಟಿದ ಕಂಟ್ರಾಕ್ಟರನಿಗೆ ತಂದೆತಾಯಿ ಇಟ್ಟ ಹೆಸರು ಏನೋ ಇದೆ. ಬೀದಿಯವರು ಇಟ್ಟದ್ದು ನಾಳೆಯಪ್ಪ ಅಂತ. ಯಾವಾಗ ಕೇಳಿದರೂ "ನಾಳೆ ಬಂದ್ಬಿಡ್ತೀನಿ" ಅನ್ನುವನು. ಅವನನ್ನು ಕಂಡು ಜೋರು ಮಾಡಿ ಬನ್ನಿ ಅಂತ ಇವರನ್ನು ಎಷ್ಟೋ ಸಲ ಕಳಿಸಿದೆ. ಹೋಗುವಾಗ ತೋಳು ಮಡಿಸಿಕೊಂಡು ಹೋಗುವರು, ಬರುವಾಗ "ಪಾಪ ಕಣೇ, ಅವನಿಗೂ ಮರಳು ಸಿಗ್ತಾ ಇಲ್ವಂತೆ" ಅಂತ ಅವನ ಕಷ್ಟವನ್ನೇ ಹೊತ್ತುಕೊಂಡು ಬರುವರು.

ಕೊನೆಗೊಂದು ದಿನ ಊಟಕ್ಕೆ ಕೂತಾಗ ಅಮ್ಮ ಬಹಳ ಮೆತ್ತಗೆ, "ಇನ್ನು ನಾನು ಕೆಳಗೆ ಇಳಿಯೋದು ನಾಲ್ಕು ಜನ ಹೊತ್ತುಕೊಂಡಾಗಲೇ" ಅಂದಳು. ಇವರು ತುತ್ತು ಕೈಯಲ್ಲೇ ಹಿಡಿದು ಎದೆ ಸೆಟೆಸಿದರು. "ಹಾಗನ್ನಬೇಡಿ ಅತ್ತೆ. ನಾನಿದೀನಿ. ಆ ಬೆಂಚಿನ ಮೇಲೆ ನಿಮ್ಮನ್ನ ಕೂರಿಸದಿದ್ರೆ ಕೇಳಿ" ಅಂದು ತುತ್ತು ಬಾಯಿಗಿಟ್ಟು ಕಚ್ಚಿದರು. ಕಚ್ಚಿದವರು ಹಾಗೇ ಕಣ್ಣಲ್ಲಿ ನೀರು ತಂದುಕೊಂಡರು. ಅಳಿಯನಿಗೆ ಇಷ್ಟೊಂದು ಕರುಣೆಯೇ ಅಂತ ಅಮ್ಮನೂ ಒಂದು ಗಳಿಗೆ ಬೆರಗಾದಳು.

ಕರುಣೆಯಲ್ಲ, ಹುಳುಕು. ಬಚ್ಚಲಮನೆಗೆ ನನ್ನನ್ನು ಕರೆದು ಬಾಗಿಲು ಹಾಕಿ, ಬಾಯಿ ಅಗಲಿಸಿ ತೋರಿಸಿದರು. ಕೆಳದವಡೆಯ ಎರಡೂ ಕಡೆ ಒಂದೊಂದು ತೂತು. "ಅತ್ತೆಗೆ ಗೊತ್ತಾದ್ರೆ ನಾನು ಈ ಮನೇಲಿ ಬಾಯಿ ತೆಗೆಯೋ ಹಾಗಿಲ್ಲ" ಅಂತ ಪಿಸುಗುಟ್ಟಿದರು. ಹಾಗಾದರೆ ಒಳ್ಳೆಯದೇ ಆಯಿತಲ್ಲ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ನೋವಿನಲ್ಲಿದ್ದಾರೆ ಅಂತ ನುಂಗಿಕೊಂಡೆ.

ಇವರ ಅಂಗಡಿಯ ಹಿಂದಿನ ಬೀದಿಯಲ್ಲೇ ದಂತವೈದ್ಯ ಕಾಲೇಜು. ಇಬ್ಬರೂ ಹೋದೆವು. ವಯಸ್ಸಿನಲ್ಲಿ ಚಿಕ್ಕವಳಾದರೂ ಗಂಭೀರವಾದ ಡಾಕ್ಟರಮ್ಮ ಇವರ ಬಾಯೊಳಗೆ ದೀಪ ಹಿಡಿದು ನೋಡಿ, "ಎಡಕ್ಕೊಂದು, ಬಲಕ್ಕೊಂದು. ಎರಡೂ ಒಂದೇ ಅಳತೆ. ನಮಗೆ ಬೇಕಾಗಿದ್ದೇ ಇಂಥ ಬಾಯಿ" ಅಂದಳು. ಅದನ್ನು ಹೊಗಳಿಕೆ ಅಂತ ತಿಳಿದು ಇವರು ಸಂಕೋಚಪಟ್ಟರು.

"ನಾವು ಹಲ್ಲಿನ ತೂತಿಗೆ ತುಂಬೋ ಎರಡು ಥರದ ಕಾಂಪೋಸಿಟ್ ಹೋಲಿಸಿ ನೋಡ್ತಾ ಇದೀವಿ. ಯಾವುದಕ್ಕೆ ಬಲ ಜಾಸ್ತಿ ಅಂತ."

"ಅಂದ್ರೆ ಸಿಮೆಂಟಾ?" ಅಂದರು ಇವರು.

"ಎಲ್ಲರೂ ಸಿಮೆಂಟ್ ಅಂತಲೇ ಅನ್ನೋದು, ಇರಲಿ ಬಿಡಿ. ಒಂದು ಥರದ್ದನ್ನ ಒಂದೇ ಸಲಕ್ಕೆ ದಪ್ಪಗೆ ತುಂಬಬಹುದು. ಇನ್ನೊಂದನ್ನ ತೆಳ್ಳಗೆ ಪದರದ ಮೇಲೆ ಪದರ ಹಾಕಬೇಕು. ಪ್ರತಿ ಪದರಕ್ಕೂ ಈ ನೀಲಿ ಬೆಳಕು ಹಿಡಿದು ಗಟ್ಟಿ ಮಾಡ್ತೀವಿ. ಕ್ಯೂರಿಂಗ್ ಅಂತಾರೆ. ಅದು ಸರಿಯಾಗಿ ಆಗದಿದ್ರೆ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ನೀವು ಒಪ್ಪಿದ್ರೆ ಎಡಕ್ಕೊಂದು ಥರ, ಬಲಕ್ಕೊಂದು ಥರ ತುಂಬ್ತೀವಿ. ನಮ್ಮ ಸಂಶೋಧನೆಯಲ್ಲಿ ನೀವೂ ಒಬ್ಬರಾಗ್ತೀರಿ."

ಸಂಶೋಧನೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಲಗಿದ ಕುರ್ಚಿಯಲ್ಲೇ ಇವರ ಬೆನ್ನು ನೆಟ್ಟಗಾಯಿತು. ಪಕ್ಕದ ಕೋಣೆಯಲ್ಲಿ ಬಲ ಅಳೆಯುವ ಯಂತ್ರವಿತ್ತು. ಸೀಮೆಸುಣ್ಣದ ತುಂಡಿನಂಥ ಚಿಕ್ಕ ಚಿಕ್ಕ ಕಾಂಪೋಸಿಟ್ ತುಂಡನ್ನು ಅದರ ದವಡೆಯಲ್ಲಿಟ್ಟು ಒತ್ತುತ್ತಾ ಹೋಗುತ್ತಾರೆ, ಯಾವಾಗಲೋ ಟಪ್ ಅಂತ ಸಿಡಿಯುತ್ತದೆ. ಇವರು ಅದನ್ನು ನೋಡಿ ತಮ್ಮ ಕೆನ್ನೆ ಹಿಡಿದುಕೊಂಡರು. "ನನ್ನ ಬಾಯಲ್ಲಿ ಇಷ್ಟು ಒತ್ತಡ ಬೀಳುತ್ತಾ ಡಾಕ್ಟ್ರೇ?"

"ಏನು ಅಗೀತೀರಿ ಅನ್ನೋದರ ಮೇಲೆ."

"ಇವರು ಶೂ ಲೇಸಿನ ಗಂಟನ್ನ ಹಲ್ಲಲ್ಲಿ ಬಿಚ್ಚುತ್ತಾರೆ" ಅಂದೆ ನಾನು. ಡಾಕ್ಟರಮ್ಮ ಇವರನ್ನು ವಾಪಸ್ಸು ಕುರ್ಚಿಯಲ್ಲಿ ಕೂರಿಸಿದಳು. ಇನ್ನು ಮುಂದೆ ಬಿಚ್ಚುವುದಿಲ್ಲ ಅಂತ ಮಾತು ತೆಗೆದುಕೊಂಡ ಮೇಲೆಯೇ ಇಂಜೆಕ್ಷನ್ ಕೊಟ್ಟದ್ದು.

ಮನೆಗೆ ಬಂದಾಗ ಇವರ ಕೆನ್ನೆಯೆರಡೂ ಮರಗಟ್ಟಿದ್ದವು. ಬಾಗಿಲಲ್ಲೇ ಅಮ್ಮ. "ಎಲ್ಲಿಗೆ ಹೋಗಿದ್ರಿ ಅಳಿಯಂದಿರೇ?"

"ಶಂಶೋಧನೆ" ಅಂದರು ಇವರು. ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. "ಶಿಮೆಂಟು. ಬಲ. ಹೋಲಿಕೆ."

ನಾನು ನಡುವೆ ಬಾಯಿ ಹಾಕಿದೆ. "ಕಾಲೇಜಿನಲ್ಲಿ ಎರಡು ಥರ ಸಿಮೆಂಟಿನ ಬಲ ಹೋಲಿಸಿ ನೋಡ್ತಾ ಇದಾರಂತಮ್ಮ. ಯಂತ್ರದಲ್ಲಿಟ್ಟು ಒಡೆದು ನೋಡ್ತಾರೆ. ಇವರನ್ನೂ ಸೇರಿಸಿಕೊಂಡಿದಾರೆ." ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿ. ಅಮ್ಮ ಇವರ ಕೆನ್ನೆಯನ್ನು ಒಂದು ಗಳಿಗೆ ದಿಟ್ಟಿಸಿ, "ಓಹೋ" ಅಂದು ನೆಟ್ಟಗೆ ಬಾಲ್ಕನಿಗೆ ಹೋದಳು. ಹೋಗಿ ಒಮ್ಮೆ ಕೆಳಗೆ ಬಗ್ಗಿ ನೋಡಿ ಕೂಗಿದಳು.

"ಏ ಟೈಲರಮ್ಮ, ಕೇಳಿಸ್ತಾ? ನಮ್ಮ ಅಳಿಯಂದಿರು ಸಿಮೆಂಟ್ ಪರೀಕ್ಷೆಗೆ ಸೇರಿದಾರೆ. ಗಟ್ಟಿ ಯಾವುದು, ಟೊಳ್ಳು ಯಾವುದು ಅಂತ ಯಂತ್ರದಲ್ಲಿಟ್ಟು ಒಡೆದು ನೋಡ್ತಾರಂತೆ. ಇನ್ನು ಯಾರೂ ಮೋಸ ಮಾಡೋ ಹಾಗಿಲ್ಲ."

ಅಮ್ಮನಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಅಳಿಯನ ಬಗ್ಗೆ ಹೆಮ್ಮೆಯಾಯಿತಲ್ಲ ಅಂತ ನನಗೆ ಸಂತೋಷವೇ ಆಯಿತು. ಹೊಲಿಯಲು ಕೊಟ್ಟ ದಿಂಬಿನ ಕವರು ತರಲು ಕೆಳಗೆ ಹೋದೆ. ಹೋಗಿ ನೋಡಿದರೆ ಟೈಲರಮ್ಮನ ಅಂಗಡಿಯಲ್ಲಿ ಸಾಕ್ಷಾತ್ ನಾಳೆಯಪ್ಪ ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ, ಪ್ಯಾಂಟಿನ ಅಳತೆಗೆ. ಸೊಂಟದ ಸುತ್ತ ಟೇಪು.

"ನಿಮ್ಮನೆಯವರು ಶೂ ಅಂಗಡೀಲಿ ಇದ್ರಲ್ವಾ?" ಅಂದಳು ಟೈಲರಮ್ಮ. ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಇದಕ್ಕೋಸ್ಕರವೇ ತೆಗೆದಿಟ್ಟಿದ್ದಳು.

"ಈಗಲೂ ಇದಾರೆ. ಇದು ಬೇರೆ" ಅಂದೆ.

"ಏನು ಪರೀಕ್ಷೆ ಅಮ್ಮ ಅದು?" ಅಂದ ನಾಳೆಯಪ್ಪ, ಕೈ ಇಳಿಸದೆಯೇ.

ಏನು ಹೇಳಲಿ? ಹಲ್ಲು ಅನ್ನುವ ಹಾಗಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ. "ಒಂದೇ ಸಲ ಸುರಿದು ತುಂಬಿದ್ರೆ ಗಟ್ಟಿಯೋ, ಪದರ ಪದರವಾಗಿ ಹಾಕಿದ್ರೆ ಗಟ್ಟಿಯೋ ಅಂತ. ಮುಖ್ಯ ಅಂದ್ರೆ ಕ್ಯೂರಿಂಗ್. ಅದು ಸರಿಯಾಗಿ ಆಗದಿದ್ರೆ ಮೇಲೆ ಗಟ್ಟಿ ಕಾಣುತ್ತೆ, ಒಳಗೆ ಮೆತ್ತಗಿರುತ್ತೆ. ಇವರಿಗೆ ಎಲ್ಲಾ ಗೊತ್ತಾಗಿಬಿಡುತ್ತೆ."

ಟೈಲರಮ್ಮ ಟೇಪು ನೋಡಿ ಹುಬ್ಬೇರಿಸಿದಳು. "ಯಾಕಣ್ಣ, ಸೊಂಟ ಇದ್ದಕ್ಕಿದ್ದ ಹಾಗೆ ಸಣ್ಣಗಾಯ್ತು?"

ಅದಾಗಿ ಕೆಲವೇ ದಿನಕ್ಕೆ ಇವರು ಕೊಟ್ಟ ಮಾತು ತಪ್ಪಿದರು. ಅಂಗಡಿಯಲ್ಲಿ ಯಾವುದೋ ಬೂಟಿನ ಲೇಸು ಗಂಟಾಗಿತ್ತು, ಎಂದಿನ ಅಭ್ಯಾಸಬಲ, ಬಾಯಿಗೆ ಹೋಯಿತು. ತುಂಬಿದ್ದರಲ್ಲಿ ಒಂದರ ಅಂಚು ಚೂರಾಗಿ ಬಂತು. ಯಾವ ಕಡೆಯದು ಅಂತ ಕೇಳಿದೆ. ಕನ್ನಡಿ ಮುಂದೆ ನಿಂತು ಬಾಯಿ ತೆರೆದು, ಕಣ್ಣು ಮುಚ್ಚಿ, ಬೆರಳಲ್ಲಿ ಗಾಳಿಯ ಮೇಲೆ ಏನೋ ಲೆಕ್ಕ ಹಾಕಿ, "ಬಲದ್ದು" ಅಂತ ಘೋಷಿಸಿದರು. ನಾನು ನಂಬಿದೆ. ಗಂಡನನ್ನು ನಂಬುವುದು ನನ್ನ ಹಳೆಯ ಕಾಯಿಲೆ.

ಆ ಭಾನುವಾರ ಮಧ್ಯಾಹ್ನ ಅಮ್ಮ ಒಳಗೆ ಮಲಗಿದ್ದಾಗ ನಾಳೆಯಪ್ಪ ಬಂದ. ಕರೆಯದೆ ಬಂದ, ಅದೂ ಆ ಮೆಟ್ಟಿಲು ಹತ್ತಿಕೊಂಡು. ಜೊತೆಗೆ ಪುರಸಭೆಯ ಇಂಜಿನಿಯರ್ ಸಾಹೇಬರು. ನಮ್ಮ ಮೆಟ್ಟಿಲನ್ನು ನೋಡದೆಯೇ ನೋಡಿದ್ದೇನೆ ಅಂತ ರುಜು ಹಾಕಿದ ಮಹಾನುಭಾವರು ಈ ಸಾಹೇಬರೇ. ಹತ್ತುವಾಗ ಸಾಹೇಬರ ಪಾದದ ಕೆಳಗೂ ಒಂದಿಷ್ಟು ಉದುರಿದ ಸದ್ದು ನನಗೆ ಕೇಳಿಸಿತು. ನಾನು ಅಡುಗೆಮನೆಯಲ್ಲಿ ಟೀ ಇಟ್ಟು, ಕಿವಿಯನ್ನು ನಡುಮನೆಯಲ್ಲಿಟ್ಟೆ.

"ಸರ್" ಅಂದ ನಾಳೆಯಪ್ಪ, ದನಿ ತಗ್ಗಿಸಿ. ಇವರನ್ನು ಅವನು ಸರ್ ಅಂದದ್ದು ಅದೇ ಮೊದಲು. "ನಿಮ್ಮ ವಿಷಯ ಗೊತ್ತಾಯ್ತು."

ಇವರ ಮುಖ ಬಿಳಿಚಿತು. "ಯಾರು ಹೇಳಿದ್ರು?"

"ಬೀದಿಗೆಲ್ಲ ಗೊತ್ತಿದೆ ಸರ್."

"ಬೀದಿಗೆ ಗೊತ್ತಾದ್ರೆ ಹಾಳಾಗಿ ಹೋಗಲಿ. ನಮ್ಮತ್ತೆಗೆ ಮಾತ್ರ ಗೊತ್ತಾಗಬಾರದು."

ಅಮ್ಮನ ಬಾಯಿಗೆ ಬೀಳುವುದೆಂದರೆ ಏನು ಅಂತ ನಾಳೆಯಪ್ಪನಿಗೂ ಗೊತ್ತಿತ್ತು. ಅವನಿಗೆ ಹೋದ ಜೀವ ಬಂದ ಹಾಗಾಯಿತು. "ಅಯ್ಯೋ, ಅವರಿಗೆ ಗೊತ್ತಾಗಲೇಬಾರದು ಸರ್. ಇದು ನಮ್ಮ ನಮ್ಮಲ್ಲೇ ಇರಲಿ."

"ಅಷ್ಟು ಮಾಡಿ ಪುಣ್ಯ ಕಟ್ಟಿಕೊಳ್ಳಿ" ಅಂತ ಇವರು ಅವನ ಕೈ ಹಿಡಿದುಕೊಂಡರು. ಇಬ್ಬರ ಕಣ್ಣೂ ಒದ್ದೆಯಾಯಿತು.

ಇಂಜಿನಿಯರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಎಷ್ಟರ ಮಟ್ಟಿಗೆ ಹಾಳಾಗಿದೆ ಅಂತ ನಿಮ್ಮ ಅಭಿಪ್ರಾಯ?"

"ಹೊರಗಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲ ಸ್ವಾಮಿ. ಒಳಗೆ ಟೊಳ್ಳು. ಹಾಳಾಗಿದ್ದನ್ನೆಲ್ಲ ಕೆರೆದು ತೆಗೆದು, ತೊಳೆದು, ಹೊಸದಾಗಿ ತುಂಬಬೇಕಂತೆ. ಉದಾಸೀನ ಮಾಡಿದ್ರೆ ಬುಡಕ್ಕೇ ಬರುತ್ತೆ. ಆಮೇಲೆ ಕಿತ್ತು ಹಾಕೋದೊಂದೇ ದಾರಿ."

"ಪೂರ್ತಿ ಕೀಳೋದಾ?" ಅಂದ ನಾಳೆಯಪ್ಪ, ಕ್ಷೀಣವಾಗಿ.

"ಪೂರ್ತಿ. ನಮ್ಮತ್ತೆಯವರದು ಹಾಗೇ ಆಗಿದ್ದು. ಒಂದನ್ನೂ ಉಳಿಸಲಿಲ್ಲ, ಎಲ್ಲಾ ಕಿತ್ತರು."

"ಅವರ ಹಳೇ ಮನೇಲಾ?"

"ಹಳೇ ಮನೇಲಿದ್ದಾಗಲೇ. ಎಲ್ಲಾ ಹೊಸದು ಕೂರಿಸಿದ ಮೇಲೂ ಕಟಕಟ ಅನ್ನುತ್ತೆ."

ನಾನು ಟೀ ಸೋಸುತ್ತಿದ್ದವಳು ಸೋಸುವುದನ್ನು ಬಿಟ್ಟೆ. ಆಗಷ್ಟೇ ನನ್ನ ಮಂಡೆಗೆ ಹೊಳೆದದ್ದು, ಇವರು ಹಲ್ಲಿನಲ್ಲಿದ್ದಾರೆ, ಅವರು ಮೆಟ್ಟಿಲಿನಲ್ಲಿದ್ದಾರೆ ಅಂತ. ಹೋಗಿ ಬಿಡಿಸಿ ಹೇಳುವುದು ನನ್ನ ಧರ್ಮವಾಗಿತ್ತು. ಆದರೆ ಗೇಟಿನ ಪಕ್ಕದ ಆ ಬೆಂಚು ಕಣ್ಣ ಮುಂದೆ ಬಂತು. ಆಚೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ ಅಮ್ಮ ನೆನಪಾದಳು. ನಾನು ತುಟಿ ಪಿಟಕ್ಕೆನ್ನದೆ ಟೀ ತಂದುಕೊಟ್ಟೆ.

"ಯಾವ ಕಡೇದು ಸರ್?" ಅಂತ ಕೇಳಿದ ನಾಳೆಯಪ್ಪ. "ಎಡದ್ದಾ, ಬಲದ್ದಾ?"

ಇವರು ಕೆನ್ನೆ ಮುಟ್ಟಿ ನೋಡಿಕೊಂಡರು. "ಎಡದ್ದು ಬಲವಾಗಿದೆ. ಬಲದ್ದಕ್ಕೆ ಬಲ ಇಲ್ಲ."

"ಬಲದ್ದಕ್ಕಾ? ನಿಜವಾಗಲೂ?" ನಾಳೆಯಪ್ಪ ತಲೆ ಕೆರೆದುಕೊಂಡ. "ಎಡದ್ದರ ಬಲ ಸರಿಯಾಗಿದೆಯಾ?"

"ಎಡದ ಬಲದ ಬಗ್ಗೆ ಮಾತೇ ಇಲ್ಲ. ಬಲದ ಬಲವೇ ಹೋಗಿರೋದು" ಅಂದರು ಇವರು, ಸಂಶೋಧಕರ ಗತ್ತಿನಲ್ಲಿ. ಬಂದವರಿಬ್ಬರೂ ಟೀ ಕುಡಿದು, ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಾ ಇಳಿದು ಹೋದರು.

ಮರುದಿನ ಬೆಳಿಗ್ಗೆ ಧಡಧಡ ಸದ್ದಿಗೆ ಎಚ್ಚರವಾಯಿತು. ಓಡಿಹೋಗಿ ಬಾಲ್ಕನಿಯಿಂದ ನೋಡಿದರೆ ನಾಳೆಯಪ್ಪನ ಆಳುಗಳು ಬಂದಿದ್ದಾರೆ, ಸುತ್ತಿಗೆ ತಂದಿದ್ದಾರೆ, ಒಡೆಯುತ್ತಿದ್ದಾರೆ. ಬಲಗಡೆಯ ಮೆಟ್ಟಿಲನ್ನು. ಆನೆ ಹತ್ತಿದರೂ ಅಲುಗಾಡದ ಮೇಷ್ಟ್ರ ಮೆಟ್ಟಿಲನ್ನು. ಸುತ್ತಿಗೆಯೇ ಹಿಂದಕ್ಕೆ ಹಾರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

ಅಮ್ಮ ಹಿಂದೆ ಬಂದು ನಿಂತಳು. "ಅಳಿಯಂದಿರ ಸಂಶೋಧನೆ ಭೇಷಾಯ್ತು. ಗಟ್ಟಿಯಾಗಿರೋದನ್ನ ಒಡೆಸ್ತಾ ಇದಾರೆ" ಅಂದಳು. ಬಾಯಲ್ಲಿ ಬಹುವಚನವಿತ್ತು, ಆದರೆ ಮುಖ ಬಾಡಿಹೋಗಿತ್ತು. ಅದನ್ನು ನೋಡಿ ನನಗೆ ಇವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಇವರಾದರೋ ಡಾಕ್ಟರಮ್ಮ ಬರಹೇಳಿದ ದಿನ ಅಂತ ಆಗಲೇ ಹೊರಟುಹೋಗಿದ್ದರು. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದೆ.

ಹೋಗುವಷ್ಟರಲ್ಲಿ ಡಾಕ್ಟರಮ್ಮ ಇವರ ಬಾಯಿ ತೆರೆಸಿದ್ದಳು. "ಎಡದ್ದು ಚೂರಾಗಿದೆಯಲ್ಲ" ಅಂದಳು.

"ಇಲ್ಲ ಡಾಕ್ಟ್ರೇ, ಬಲದ್ದು. ಕನ್ನಡೀಲಿ ನೋಡಿದೀನಿ."

"ಕನ್ನಡೀಲಿ ಯಾವ ಕಡೆ ಕಾಣ್ತು?"

"ಎಡಗಡೆಯೇ ಕಾಣ್ತು. ಆದ್ರೆ ಕನ್ನಡಿ ಎಡಬಲ ತಿರುಗಿಸುತ್ತೆ ಅಂತ ಓದಿದ್ದೆ. ಅದಕ್ಕೇ ನಾನೇ ತಿರುಗಿಸಿ ಸರಿಮಾಡಿಕೊಂಡೆ."

ಡಾಕ್ಟರಮ್ಮ ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟಳು. ಆಮೇಲೆ ಬಿಡಿಸಿ ಹೇಳಿದಳು. "ಯಂತ್ರದಲ್ಲಿ ನಮ್ಮ ಎರಡೂ ತುಂಡು ಹೆಚ್ಚುಕಡಿಮೆ ಒಂದೇ ಒತ್ತಡ ತಡೆದಿವೆ. ಕ್ಯೂರಿಂಗ್ ಸರಿಯಾಗಿದ್ರೆ ಯಾವುದಾದ್ರೂ ಬಾಳುತ್ತೆ. ಆದ್ರೆ ಲೇಸು ಬಿಚ್ಚೋಕೆ ಅಂತ ಯಾವುದನ್ನೂ ಮಾಡಿಲ್ಲ." ಒಡೆದ ಅಂಚನ್ನು ಮತ್ತೆ ತುಂಬಿ, ನೀಲಿ ಬೆಳಕು ಹಿಡಿದು, ಇವರ ಎಡಗೈ ಮೇಲೆ ಪೆನ್ನಿನಲ್ಲಿ "ಎಡ" ಅಂತ ಬರೆದು ಕಳಿಸಿದಳು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಇವರು ತಮ್ಮ ಕೈಯನ್ನೇ ಓದುತ್ತಿದ್ದರು. ಮೆಟ್ಟಿಲಿನ ಗೊಂದಲವನ್ನು ನಾನು ಹೇಳಲು ಹೊರಟೆ, ಆದರೆ ಮಾತು ಮುಗಿಯುವ ಮೊದಲೇ ಗೇಟು ಬಂತು. ಗೇಟಿನೊಳಗೆ ಜಾತ್ರೆಯಷ್ಟು ಗದ್ದಲ. ಮೆಟ್ಟಿಲು ಕಳೆದುಕೊಂಡ ಮೇಷ್ಟ್ರು ತಮ್ಮ ಬಾಲ್ಕನಿಯಿಂದ, "ಒಳ್ಳೇ ಮೆಟ್ಟಿಲು ಒಡೆದು ನನ್ನನ್ನ ಗೂಡಿನಲ್ಲಿ ಕೂರಿಸಿದೀಯಲ್ಲೋ" ಅಂತ ಕೂಗುತ್ತಿದ್ದಾರೆ. ಈ ಬಾಲ್ಕನಿಯಿಂದ ಅಮ್ಮ, "ಬನ್ನಿ ಮೇಷ್ಟ್ರೇ, ಇನ್ನು ನಾವಿಬ್ಬರೂ ಕೂಗಿಕೊಂಡೇ ಕಾಲ ಕಳೆಯೋಣ" ಅನ್ನುತ್ತಿದ್ದಾಳೆ. ಕೆಳಗೆ ಟೈಲರಮ್ಮ, ಹತ್ತಾರು ಜನ, ನಡುವೆ ಇಂಜಿನಿಯರ್ ಸಾಹೇಬರು. ನಾಳೆಯಪ್ಪ ಇವರನ್ನು ಕಂಡವನೇ ಓಡಿ ಬಂದ.

"ಸರ್, ನೀವೇ ಹೇಳಿ ಇವರಿಗೆ. ಬಲದ್ದು ತಾನೆ ಟೊಳ್ಳಾಗಿರೋದು?"

ನಮ್ಮನೆಯವರಲ್ಲಿ ಎಷ್ಟೇ ಕೊರತೆಯಿರಲಿ, ತಪ್ಪಾದರೆ ಒಪ್ಪಿಕೊಳ್ಳುವ ಗುಣ ಇದೆ. ಕೈ ಮೇಲೆ ಬರೆದದ್ದನ್ನು ಇನ್ನೊಮ್ಮೆ ನೋಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ತಪ್ಪು ನನ್ನದು. ಹಾಳಾಗಿರೋದು ಬಲದ್ದಲ್ಲ, ಎಡದ್ದು. ಈಗ ತಾನೇ ಮತ್ತೆ ಪರೀಕ್ಷೆ ಮಾಡಿ ಹೇಳಿದಾರೆ."

"ಅದನ್ನೇ ಸರ್ ನಾನೂ ಅಂದ್ಕೊಂಡಿದ್ದು" ಅಂದ ನಾಳೆಯಪ್ಪ, ಎದೆಯ ಭಾರ ಇಳಿಸಿದವನ ಹಾಗೆ. "ಎಡದ್ದಕ್ಕೆ ತಾನೆ ನಾವು ಸಿಮೆಂಟು ಕಡಿಮೆ ಹಾಕಿ, ಕ್ಯೂರಿಂಗಿಗೆ ನೀರೂ ಹಾಕದೆ ಬಿಟ್ಟಿದ್ದು. ಬಲದ್ದು ಅಂದಾಗ ಇದೇನಪ್ಪ ಯಂತ್ರ ಅಂತ ನನಗೇ ಆಶ್ಚರ್ಯ ಆಗಿತ್ತು."

ಆಮೇಲೆ ಗೇಟಿನೊಳಗೆ ಒಂದು ಸೂಜಿ ಬಿದ್ದರೂ ಕೇಳುತ್ತಿತ್ತು. ಟೈಲರಮ್ಮನ ಬಾಯಿಂದ ನಿಜವಾಗಲೂ ಒಂದು ಗುಂಡುಪಿನ್ನು ಬಿತ್ತು. ಇಂಜಿನಿಯರ್ ಸಾಹೇಬರು ತಾವು ಯಾರಿಗೂ ಸೇರಿದವರಲ್ಲ ಅನ್ನುವ ಹಾಗೆ ನಾಳೆಯಪ್ಪನಿಂದ ಎರಡು ಹೆಜ್ಜೆ ದೂರ ಸರಿದರು. ಮೇಲಿನಿಂದ ಅಮ್ಮ ಬಹಳ ಶಾಂತವಾಗಿ, "ಇನ್ನೊಂದು ಸಲ ಹೇಳಪ್ಪ, ನನಗೆ ಕಿವಿ ಸ್ವಲ್ಪ ಮಂದ" ಅಂದಳು.

ನಾಳೆಯಪ್ಪನ ಮುಖ ಸುಣ್ಣವಾಯಿತು. "ನಾಳೆ ಬಂದು ಎಡದ್ದನ್ನೂ..." ಅಂತ ಶುರುಮಾಡಿದ.

"ಇವತ್ತು" ಅಂದರು ಇಂಜಿನಿಯರ್ ಸಾಹೇಬರು. ಇಷ್ಟು ಜನರೆದುರು ಅವರಿಗೂ ಬೇರೆ ದಾರಿಯಿರಲಿಲ್ಲ. "ಎರಡೂ ಮೆಟ್ಟಿಲು. ನಿನ್ನ ಖರ್ಚಿನಲ್ಲಿ. ಇವತ್ತೇ."

"ಮೆಟ್ಟಿಲಾ?" ಅಂದರು ಇವರು, ಕನಸಿನಿಂದೆದ್ದವರಂತೆ. ನಾನು ಇವರ ಕಾಲನ್ನು ಬಲವಾಗಿ ತುಳಿದೆ. ಎಡಗಾಲೋ ಬಲಗಾಲೋ, ಸಿಕ್ಕಿದ್ದನ್ನು ತುಳಿದೆ. ಇವರ ಮುಖದ ಮೇಲೆ ನಿಧಾನವಾಗಿ ಬೆಳಕು ಹರಿಯಿತು. ನಾಳೆಯಪ್ಪನನ್ನು ನೋಡಿದರು, ಉದುರಿದ ಮೆಟ್ಟಿಲು ನೋಡಿದರು, ಬಾಲ್ಕನಿಯಲ್ಲಿ ನಿಂತ ಅಮ್ಮನನ್ನು ನೋಡಿದರು. ಆಮೇಲೆ ನಾನು ಈವರೆಗೆ ಕೇಳಿರದ ಗಟ್ಟಿ ದನಿಯಲ್ಲಿ, "ಕ್ಯೂರಿಂಗ್ ಸರಿಯಾಗಿ ಆಗಬೇಕು. ನಮ್ಮ ಡಾಕ್ಟ್ರು ಅದನ್ನೇ ಒತ್ತಿ ಹೇಳಿದಾರೆ" ಅಂದರು.

"ಯಾವ ಡಾಕ್ಟರು?" ಅಂದರು ಮೇಷ್ಟ್ರು ಮೇಲಿನಿಂದ.

"ಸಂಶೋಧನೆ ಮಾಡಿದವರೆಲ್ಲ ಡಾಕ್ಟರೇ ಅಲ್ವಾ ಮೇಷ್ಟ್ರೇ" ಅಂದೆ ನಾನು. ಮೇಷ್ಟ್ರು ಅದು ಸರಿ ಅಂತ ತಲೆಯಾಡಿಸಿದರು.

ಮೆಟ್ಟಿಲು ಆಯಿತು. ಆಯಿತು ಅಂದರೆ ಹಾಗೆಹೀಗಲ್ಲ. ಅಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, "ಆ ಮೂಲೆಗೆ ನೀರು ಬಿದ್ದಿಲ್ಲ", "ಗೋಣಿಚೀಲ ಒಣಗಿದೆ, ನೆನೆಸು" ಅಂತ ದಿನವೂ ಬೆಳಗಿನಿಂದ ಸಂಜೆಯವರೆಗೆ ಕ್ಯೂರಿಂಗ್ ಮಾಡಿಸಿದಳು. ಅವಳ ಬಾಯಿಗೆ ಹೆದರಿ ಸಿಮೆಂಟು ತಾನಾಗಿಯೇ ಬೇಗ ಗಟ್ಟಿಯಾಯಿತು ಅಂತ ಟೈಲರಮ್ಮ ಈಗಲೂ ಹೇಳುತ್ತಾಳೆ. ಕಂಟ್ರಾಕ್ಟರನ ಹೆಸರು ಇವತ್ತಪ್ಪ ಅಂತ ಬದಲಾಯಿತು. ನಮ್ಮನೆಯವರನ್ನು ಕಂಡರೆ ಜನ ಎದ್ದು ನಿಂತು, ತಮ್ಮ ತಮ್ಮ ಗೋಡೆಯ ಬಿರುಕು ತೋರಿಸಲು ಕರೆಯತೊಡಗಿದರು. ಇವರು ಹೋಗಿ, ಬೆರಳಲ್ಲಿ ತಟ್ಟಿ, "ಹೂಂ" ಅಂದು ಬರುತ್ತಿದ್ದರು. ಆ ಹೂಂಗೆ ಎಷ್ಟೋ ಬಿರುಕುಗಳು ಮುಚ್ಚಿದವಂತೆ.

ಅಮ್ಮ ಇಳಿದ ದಿನ ಬೀದಿಯೇ ಬಂದು ನಿಂತಿತ್ತು. ಇವರು ಅಮ್ಮನ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ, "ಎಡಗಾಲು ಇಡಿ ಅತ್ತೆ" ಅಂತ ಬಲಗಾಲು ತೋರಿಸುತ್ತಿದ್ದರು. "ನೀವು ಸುಮ್ಮನಿದ್ರೆ ನಾನು ಇಳೀತೀನಿ" ಅಂದಳು ಅಮ್ಮ. ಒಂದೊಂದು ಮೆಟ್ಟಿಲನ್ನೂ ಹಿಮ್ಮಡಿಯಲ್ಲಿ ಒತ್ತಿ ನೋಡಿ ಇಳಿದಳು. ಒಂದು ಚೂರೂ ಉದುರಲಿಲ್ಲ. ನಡೆದು ಹೋಗಿ ಬೆಂಚಿನ ಮೇಲೆ ಕೂತು, ಎರಡೂ ಕೈಯಲ್ಲಿ ಬೆಂಚನ್ನು ಸವರಿದಳು. ನನಗೆ ಅಳು ತಡೆಯಲಾಗಲಿಲ್ಲ. ಟೈಲರಮ್ಮ ಪಕ್ಕದಲ್ಲಿ ಕೂತು, ಎಷ್ಟೋ ದಿನದಿಂದ ಉಳಿಸಿಟ್ಟ ಗುಟ್ಟೊಂದನ್ನು ಆಗಲೇ ಅವಳ ಕಿವಿಗೆ ಹಾಕಿದಳು.

ಗುಟ್ಟು ಕೇಳಿ ಮುಗಿದ ಮೇಲೆ ಅಮ್ಮ ಚೀಲದಿಂದ ಬಾದಾಮಿ ತೆಗೆದು ಇವರ ಕೈಗಿಟ್ಟಳು. "ಅಗೀರಿ ಅಳಿಯಂದಿರೇ." ಇವರು ಒಂದು ಬಾಯಿಗೆ ಹಾಕಿ ಬಲಗಡೆ ಅಗಿದರು. "ಈಗ ಎಡಗಡೆ" ಅಂದಳು ಅಮ್ಮ. ಇವರ ದವಡೆ ಅಲ್ಲೇ ನಿಂತಿತು.

"ಅಮ್ಮ, ನಿನಗೆ ಯಾವಾಗ ಗೊತ್ತಾಯ್ತು?" ಅಂದೆ ನಾನು.

"ಶಂಶೋಧನೆ ಅಂದಾಗಲೇ. ಒಂದೊಂದಾಗಿ ಅಷ್ಟೂ ಹಲ್ಲು ಕೀಳಿಸಿಕೊಂಡವಳು ನಾನು, ಇಂಜೆಕ್ಷನ್ ಕೊಟ್ಟ ಬಾಯಿ ಹೇಗಿರುತ್ತೆ ಅಂತ ಗೊತ್ತಾಗಲ್ವೇನೇ?"

"ಮತ್ತೆ ಸಿಮೆಂಟ್ ಪರೀಕ್ಷೆ ಅಂತ ಬೀದಿಗೆಲ್ಲ ಕೂಗಿದೆಯಲ್ಲ?"

"ಬೀದಿಗೆ ಯಾಕೆ ಕೂಗಲಿ? ಅವನು ಪ್ಯಾಂಟಿನ ಅಳತೆ ಕೊಡ್ತಾ ನಿಂತಿದ್ದು ಮೇಲಿಂದ ಕಾಣ್ತಿತ್ತು. ಅವನಿಗೆ ಕೂಗಿದೆ."

ಇವರು ಬಾಯಲ್ಲಿ ಬಾದಾಮಿ ಇಟ್ಟುಕೊಂಡೇ ತಲೆ ತಗ್ಗಿಸಿ ನಿಂತರು. ಲೋಟದಲ್ಲಿ ಈಜಾಡಿದ ನಗುವೆಲ್ಲ ನೆನಪಿಗೆ ಬಂದಿರಬೇಕು. ಅಮ್ಮ ಅವರ ತೋಳು ಹಿಡಿದು ಬೆಂಚಿನ ಮೇಲೆ ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ನಾಚಿಕೋಬೇಡ. ಎಡದ್ದೂ ಗಟ್ಟಿಯಿದೆ, ಬಲದ್ದೂ ಗಟ್ಟಿಯಿದೆ. ಆದ್ರೆ ನನ್ನನ್ನ ಕೆಳಗೆ ಇಳಿಸಿದ್ದು ನಡುವೆ ಇರೋ ಆ ಸಡಿಲ ನಾಲಿಗೆ. ಅದಕ್ಕೆ ಮಾತ್ರ ಯಾವ ಸಿಮೆಂಟೂ ಹಾಕಿಸಬೇಡ ಕಣಪ್ಪ."

ಮದುವೆಯಾದಂದಿನಿಂದ ಅಮ್ಮ ಇವರಿಗೆ ಏಕವಚನ ಕೊಟ್ಟದ್ದು ಅದೇ ಮೊದಲು. ಅದು ಇವರಿಗೂ ಗೊತ್ತಾಯಿತು. ತಲೆಯೆತ್ತಿ ಬಾಯಿ ತುಂಬ ನಕ್ಕರು, ಎಡದ್ದೂ ಬಲದ್ದೂ ಎರಡೂ ಕಾಣುವ ಹಾಗೆ.